ಎಣಿಸಬೇಕಾದ್ದು ತಲೆಯಲ್ಲ, ದಾರಿ

ಹುಬ್ಬಳ್ಳಿಯ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ಪ್ರತಿ ವರ್ಷ ಉಳವಿ ಜಾತ್ರೆಗೆ ಹೋಗುತ್ತೇನೆ. ಆ ಜೋಯಿಡಾ ತಾಲ್ಲೂಕಿನಲ್ಲಿ ಇರುವವರೇ 50 ಸಾವಿರ ಜನ. ನಮ್ಮೂರಿನ ನಾಲ್ಕೈದು ವಾರ್ಡು ಸೇರಿದರೆ ಅಷ್ಟಾಗುತ್ತದೆ. ಇಷ್ಟಕ್ಕೆ ಬೇರೆ ತಹಶೀಲ್ದಾರ್ ಕಚೇರಿ, ಬೇರೆ ಆಸ್ಪತ್ರೆ ಯಾಕೆ? ಹಳಿಯಾಳಕ್ಕೆ ಸೇರಿಸಿದರೆ ಖರ್ಚು ಉಳಿಯುತ್ತದೆ ಅಲ್ವಾ?"

ನಿಮ್ಮ ಲೆಕ್ಕ ತಪ್ಪಿಲ್ಲ. 2011ರ ಜನಗಣತಿಯಲ್ಲಿ ಅಲ್ಲಿ ಸುಮಾರು 52 ಸಾವಿರ ಜನ. ಸರ್ಕಾರದ ದುಡ್ಡು ನೋಡಿ ಖರ್ಚಾಗಬೇಕು ಎನ್ನುವುದೂ ಸರಿ.

ಆದರೆ ನೆಲವನ್ನು ಮರೆತಿರಿ. ಜೋಯಿಡಾ ಉತ್ತರ ಕನ್ನಡದ ಅತಿ ದೊಡ್ಡ ತಾಲ್ಲೂಕು, ಸುಮಾರು 1,900 ಚದರ ಕಿಲೋಮೀಟರ್. ಬೆಂಗಳೂರು ನಗರ ಜಿಲ್ಲೆ ಇಡೀ ಸೇರಿದರೂ 2,200ರ ಒಳಗೆ. ಅಲ್ಲಿ ಚದರ ಕಿಲೋಮೀಟರಿಗೆ 4,000ಕ್ಕೂ ಜಾಸ್ತಿ ಜನ, ಇಲ್ಲಿ 27 ಜನ. ಬಯಲುಸೀಮೆಯಲ್ಲಿ 30 ಸಾವಿರ ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಗುಡ್ಡಗಾಡಿನಲ್ಲಿ 20 ಸಾವಿರಕ್ಕೆ ಒಂದು ಎನ್ನುವುದು ನಿಯಮ. ಅದನ್ನೇ ಹಿಡಿದರೆ ಜೋಯಿಡಾದ ಒಂದು ಕೇಂದ್ರ 700 ಚದರ ಕಿಲೋಮೀಟರಿಗೂ ಹೆಚ್ಚು ಕಾಡನ್ನು ನೋಡಿಕೊಳ್ಳಬೇಕು. ಹೆರಿಗೆ ನೋವು ಬಂದವಳು ಯಾವ ದಾರಿಯಲ್ಲಿ ಹೋಗಬೇಕು, ಹೇಳಿ.

ಕೆಲವು ವರ್ಷಗಳ ಹಿಂದೆ ಜೋಯಿಡಾದ ಗೆಡ್ಡೆ ಗೆಣಸಿನ ಮೇಳಕ್ಕೆ ಹೋಗಿದ್ದೆ. ಅಲ್ಲಿಯ ಕುಣಬಿ ಸಮುದಾಯದ ಹೆಂಗಸರು ಕೆಸುವಿನ ಗೆಡ್ಡೆ, ಸುವರ್ಣಗೆಡ್ಡೆ ಗುಡ್ಡೆ ಹಾಕಿಕೊಂಡು ಕೂತಿದ್ದರು. ಹೆಸರು ಗೊತ್ತಿಲ್ಲದ ಗೆಣಸು ಎಷ್ಟೋ! ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಅಜ್ಜ ಸಿಕ್ಕರು. ಒಂದು ಪಹಣಿಗಾಗಿ ಕತ್ತಲಿರುವಾಗಲೇ ಮನೆ ಬಿಟ್ಟಿದ್ದರಂತೆ. ಕಾಡುದಾರಿ ನಡೆದು, ಬಸ್ಸು ಹಿಡಿದು ಬಂದರೆ ಕಚೇರಿಯಲ್ಲಿ ನೆಟ್‌ವರ್ಕ್ ಇಲ್ಲ. "ನಾಳೆ ಬರ್ತೇನೆ" ಎಂದರು. ಸಿಟ್ಟೂ ಇರಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನೀವು ಹೇಳುವ ಹಾಗೆ ಮಾಡಿದರೆ ಅವರು ದಾಂಡೇಲಿಯನ್ನೂ ದಾಟಿ ಹಳಿಯಾಳಕ್ಕೆ ಹೋಗಬೇಕು.

ಈ ತಾಲ್ಲೂಕು ನಾಡಿಗೆ ಕೊಟ್ಟಿದ್ದಾದರೂ ಕಡಿಮೆಯೇ? ಮೊದಲು ಇದಕ್ಕೆ ಸೂಪಾ ತಾಲ್ಲೂಕು ಎಂದೇ ಹೆಸರು. ಆ ಹೆಸರು ಕೊಟ್ಟ ಸೂಪಾ ಊರೇ ಕಾಳಿ ನದಿಯ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಕರೆಂಟು ನಮಗೆಲ್ಲ ಬಂತು. ಅಲ್ಲಿಯ ಜನ ಗಂಟುಮೂಟೆ ಕಟ್ಟಿ ರಾಮನಗರದ ಕಡೆ ಹೋದರು. ಉಳಿದ ಕಾಡಿನಲ್ಲಿ ದೊಡ್ಡ ಪಾಲು ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಓಟಿನ ಲೆಕ್ಕದಲ್ಲೂ ಇವರಿಗೆ ತಮ್ಮದೇ ಕ್ಷೇತ್ರವಿಲ್ಲ, ಹಳಿಯಾಳ ಕ್ಷೇತ್ರದ ಒಂದು ಮೂಲೆ. ಗಡಿ ದಾಟಿದರೆ ಗೋವಾದ ಕುಣಬಿಗಳಿಗೆ 2003ರಲ್ಲೇ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದೆ. ನಮ್ಮ ಕುಣಬಿಗಳು ಮನವಿ ಕೊಡುತ್ತಲೇ ಇದ್ದಾರೆ. ಜನ ಕಡಿಮೆ ಇದ್ದರೆ ದನಿಯೂ ಕಡಿಮೆ ಕೇಳಿಸುತ್ತದೆ. ನನ್ನ ಸಂಕಟ ಇದೇ.

ಚಕ್ಕಡಿ ಕಟ್ಟಿಕೊಂಡು ಉಳವಿ ಚನ್ನಬಸವಣ್ಣನ ಸನ್ನಿಧಿಗೆ ಹೋಗುವ ಊರಿನವರು ನೀವು. ಆ ಘಟ್ಟದ ದಾರಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮುಂದಿನ ಭಾರತ ಹುಣ್ಣಿಮೆಗೆ ಹೋದಾಗ ಒಂದು ದಿನ ಜಾಸ್ತಿ ಉಳಿಯಿರಿ. ಕಚೇರಿ ಕೆಲಸಕ್ಕೆ ಜೋಯಿಡಾಕ್ಕೆ ಹೊರಟವರ ಪಕ್ಕ ಬಸ್ಸಿನಲ್ಲಿ ಕೂತು ಮಾತಾಡಿ. ಆಮೇಲೆ ಇನ್ನೊಂದು ಪತ್ರ ಬರೆಯಿರಿ, ಖಂಡಿತ ಅಚ್ಚು ಹಾಕುತ್ತೇವೆ.

— ಸಂಪಾದಕ