ಆಟೋಮ್ಯಾಟಿಕ್ ಕಾರಿನಲ್ಲಿ ಎಡಗಾಲು ಖಾಲಿ ಇರುತ್ತದಲ್ಲ, ಅದರಲ್ಲೇ ಬ್ರೇಕ್ ಒತ್ತಿದರೆ ತಪ್ಪೇನು?

ನಿಮ್ಮ ಪ್ರಶ್ನೆಯಲ್ಲಿ ನಾಲ್ಕು ಮಾತಿವೆ. ಇಷ್ಟು ವರ್ಷ ಕ್ಲಚ್ ಇರುವ ಗಾಡಿ ಓಡಿಸಿ ಈಗ ಆಟೋಮ್ಯಾಟಿಕ್ ತೆಗೆದುಕೊಂಡಿದ್ದೀರಿ. ಬಲಗಾಲಿಗೆ ಆಕ್ಸಿಲರೇಟರ್, ಎಡಗಾಲಿಗೆ ಬ್ರೇಕ್ ಅಂತ ಹಂಚಿಬಿಟ್ಟರೆ ಗಾಡಿ ಬೇಗ ನಿಲ್ಲುತ್ತದೆ ಎಂದು ಯಾರೋ ಹೇಳಿದ್ದಾರೆ. ರೇಸಿನವರೂ ಹಾಗೇ ಮಾಡುತ್ತಾರಲ್ಲ ಎಂಬುದು ನಿಮ್ಮ ವಾದ. ಏರಿನಲ್ಲಿ ಮಾತ್ರವಾದರೂ ಎಡಗಾಲು ಬಳಸಬಹುದೇ ಎಂದೂ ಕೇಳಿದ್ದೀರಿ. ನನ್ನ ಉತ್ತರ ಇಷ್ಟು: ರಸ್ತೆಯಲ್ಲಿ ಎರಡು ಪೆಡಲಿಗೂ ಬಲಗಾಲೇ ಇರಲಿ, ಎಡಗಾಲು ಡೆಡ್ ಪೆಡಲ್ ಮೇಲೆ, ಅಂದರೆ ಬ್ರೇಕಿನ ಎಡಗಡೆ ಪಾದ ಊರಲು ಇರುವ ಅಲುಗದ ಹಲಗೆಯ ಮೇಲೆ, ಇರಲಿ. ಎಡಗಾಲಿಗೆ ಬ್ರೇಕ್ ಒತ್ತುವ ಶಕ್ತಿ ಇಲ್ಲ ಎಂದು ಹೀಗೆ ಹೇಳುತ್ತಿಲ್ಲ. ಕಾರಣಗಳು ಬೇರೆ.

ಮೊದಲು ಸಮಯದ ಲೆಕ್ಕ ನೋಡೋಣ, ಎಡಗಾಲಿನ ಪರ ಇರುವ ಗಟ್ಟಿ ವಾದ ಇದೊಂದೇ. ಬಲಗಾಲನ್ನು ಆಕ್ಸಿಲರೇಟರಿನಿಂದ ಎತ್ತಿ ಬ್ರೇಕ್ ಮೇಲೆ ಇಡಲು ಸುಮಾರು 0.2 ಸೆಕೆಂಡ್ ಬೇಕು ಎಂದಿಟ್ಟುಕೊಳ್ಳಿ. 80 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ, ಅಂದರೆ ಅಷ್ಟರಲ್ಲಿ 4.4 ಮೀಟರ್ ಮುಂದೆ ಹೋಗಿರುತ್ತದೆ. ಒಂದು ಕಾರಿನಷ್ಟು ಉದ್ದ, ಸಣ್ಣದೇನಲ್ಲ. ಆದರೆ ಇದು ಉಳಿಯಬೇಕಾದರೆ ಎಡಗಾಲು ಸದಾ ಬ್ರೇಕ್ ಪೆಡಲ್ ಮೇಲೆ ಸಿದ್ಧವಾಗಿ ನಿಂತಿರಬೇಕು. ಕಾಲನ್ನು ಡೆಡ್ ಪೆಡಲ್ ಮೇಲೆ ಇಟ್ಟುಕೊಂಡು, ಬೇಕಾದಾಗ ಅಲ್ಲಿಂದ ಎತ್ತಿ ಬ್ರೇಕಿಗೆ ತಂದರೆ ಬಲಗಾಲಿಗೆ ಹಿಡಿಯುವಷ್ಟೇ ಹೊತ್ತು ಹಿಡಿಯುತ್ತದೆ, ಲಾಭ ಸೊನ್ನೆ. ಹಾಗಂತ ಪೆಡಲ್ ಮೇಲೇ ತೇಲಿಸಿ ಹಿಡಿದರೆ ಬೇಗನೆ ಕಾಲು ಸೋಲುತ್ತದೆ, ಅದರ ಭಾರ ಗೊತ್ತಾಗದಂತೆ ಪೆಡಲಿಗೆ ಇಳಿಯುತ್ತದೆ.

ಆ ಭಾರ ಏನೇನು ಮಾಡುತ್ತದೆ ಎಂಬುದು ಒತ್ತಿದವರಿಗೆ ಕಾಣುವುದಿಲ್ಲ. ಬ್ರೇಕ್ ದೀಪದ ಸ್ವಿಚ್ಚಿಗೆ ಪೆಡಲ್ ಕೆಲವೇ ಮಿಲಿಮೀಟರ್ ಸರಿದರೆ ಸಾಕು, ಹಿಂದಿನ ಕೆಂಪು ದೀಪ ಹತ್ತಿಕೊಳ್ಳುತ್ತದೆ. ಅದು ಮೈಲಿಗಟ್ಟಲೆ ಉರಿಯುತ್ತಲೇ ಇದ್ದರೆ ಹಿಂದೆ ಬರುವವರು ಅದಕ್ಕೆ ಬೆಲೆ ಕೊಡುವುದನ್ನು ಬಿಡುತ್ತಾರೆ, ನೀವು ನಿಜವಾಗಿ ಬ್ರೇಕ್ ಹಾಕಿದ ಕ್ಷಣ ಅವರಿಗೆ ಸೂಚನೆಯೇ ಇರುವುದಿಲ್ಲ. ವೇಗವನ್ನು ತಾನೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಹಾಕಿದ್ದರೆ ಅದು ತಾನಾಗಿ ಬಿಟ್ಟುಹೋಗುತ್ತದೆ. ಇನ್ನೂ ಸ್ವಲ್ಪ ಒತ್ತಿದರೆ ಬ್ರೇಕ್ ಪ್ಯಾಡುಗಳು ಚಕ್ರದ ಡಿಸ್ಕಿಗೆ ಉಜ್ಜುತ್ತಾ ಬಿಸಿಯಾಗುತ್ತವೆ, ಮೈಲೇಜ್ ಇಳಿಯುತ್ತದೆ, ಪ್ಯಾಡಿನ ಮೈ ಗಾಜಿನಂತೆ ನುಣುಪಾಗಿ ಹಿಡಿತ ಕಡಿಮೆಯಾಗುತ್ತದೆ.

ಇದರ ಪೂರ್ತಿ ಬೆಲೆ ತೆರುವುದು ಘಾಟಿ ಇಳಿಯುವಾಗ. ಶಿರಾಡಿ ಅಥವಾ ಚಾರ್ಮಾಡಿಯಲ್ಲಿ ಗಾಡಿಯನ್ನು ಡಿ (ಮಾಮೂಲಿ ಓಟದ ಸ್ಥಾನ) ಯಲ್ಲೇ ಬಿಟ್ಟು, ಎಡಗಾಲನ್ನು ಬ್ರೇಕ್ ಮೇಲೆ ಹಗುರವಾಗಿ ಇಟ್ಟುಕೊಂಡೇ ಇಳಿದರೆ ಶಾಖ ಆರಲು ಎಡೆಯೇ ಸಿಗದು. ಡಾಟ್ 4 ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ಮಾನದಂಡ. ಗಾಳಿಯ ತೇವ ಹೀರಿಕೊಂಡ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಆಯಿಲ್ ಕುದ್ದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ, ದ್ರವವನ್ನು ಅದುಮಲು ಆಗದು, ಆವಿ ಅದುಮಿಕೊಳ್ಳುತ್ತದೆ, ಆದ್ದರಿಂದ ಪೆಡಲ್ ಮೆತ್ತಗಾಗಿ ತಳಕ್ಕೆ ಹೋಗುತ್ತದೆ. ಇಳಿಜಾರಿನಲ್ಲಿ ಗಾಡಿಯನ್ನು ಕೆಳಗಿನ ಗೇರಿನಲ್ಲಿ ಹಿಡಿದಿಡುವ ಎಲ್, ಎಸ್ ಅಥವಾ ಮ್ಯಾನುಯಲ್ ಮೋಡಿನ 2ನೇ ಗೇರಿಗೆ ಹಾಕಿ ಎಂಜಿನ್ನೇ ತಡೆಹಿಡಿಯುವಂತೆ ಮಾಡಿ. ತಿರುವಿಗೆ ಮುಂಚೆ ಬಲಗಾಲಿನಿಂದ ಗಟ್ಟಿಯಾಗಿ, ಸ್ವಲ್ಪ ಹೊತ್ತು ಮಾತ್ರ ಬ್ರೇಕ್ ಒತ್ತಿ ಪೂರ್ತಿ ಬಿಡಿ. ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಪಿ (ಪಾರ್ಕ್) ಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಆರಲು ಬಿಡಿ. ಕಾದ ಡಿಸ್ಕಿಗೆ ನೀರು ಹೊಯ್ಯಬೇಡಿ, ಸೊಟ್ಟಗಾಗುತ್ತದೆ. ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವುದು ಕ್ಷೇಮ.

ಎರಡನೆಯ ವಿಷಯ ನಿಮ್ಮಂತೆ ಕ್ಲಚ್ಚಿನಿಂದ ಬಂದವರಿಗೇ ಸೇರಿದ್ದು. ಕ್ಲಚ್ ಪೆಡಲ್ ಎಲ್ಲಿಯವರೆಗೆ ಹೋಗಿದೆ ಎಂಬುದು ಮುಖ್ಯ, ಎಷ್ಟು ಬಲ ಹಾಕಿದಿರಿ ಎಂಬುದಲ್ಲ. ಆದ್ದರಿಂದ ಎಡಗಾಲು ಕಲಿತಿರುವುದು ಒಂದೇ ಪಾಠ: ತಳ ಮುಟ್ಟುವವರೆಗೆ ಬೇಗ ಒತ್ತು, ನಿಧಾನವಾಗಿ ಬಿಡು. ಬ್ರೇಕ್ ಇದಕ್ಕೆ ತದ್ವಿರುದ್ಧ. ಅಲ್ಲಿ ಪೆಡಲ್ ಸರಿಯುವುದೇ ಸ್ವಲ್ಪ, ಗಾಡಿ ಎಷ್ಟು ಬೇಗ ನಿಲ್ಲಬೇಕು ಎಂಬುದನ್ನು ಬಲ ತೀರ್ಮಾನಿಸುತ್ತದೆ. ಎಡಗಾಲಿನ ಹಳೆಯ ಪಾಠವನ್ನು ಬ್ರೇಕ್ ಮೇಲೆ ಪ್ರಯೋಗಿಸಿದರೆ 30 ಕಿ.ಮೀ. ವೇಗದಲ್ಲೇ ಎಲ್ಲರೂ ಸೀಟಿನಿಂದ ಮುಂದಕ್ಕೆ ಬಾಗುವಂತೆ ಗಾಡಿ ಕಚ್ಚಿಕೊಂಡು ನಿಲ್ಲುತ್ತದೆ. ಬೆಂಗಳೂರಿನಲ್ಲಿ ನಿಮ್ಮ ಹಿಂದೆ ಎರಡು ಅಡಿ ದೂರದಲ್ಲಿ ಒಂದು ಬೈಕು ಇದ್ದೇ ಇರುತ್ತದೆ ಎಂಬುದನ್ನು ಮರೆಯಬೇಡಿ. ಆಟೋಮ್ಯಾಟಿಕ್‌ನಲ್ಲಿ ಬ್ರೇಕ್ ಪೆಡಲ್ ಅಗಲವಾಗಿರುವುದರಿಂದ ಹಳೆಯ ಅಭ್ಯಾಸದಲ್ಲಿ ಕ್ಲಚ್ ಹುಡುಕುವ ಎಡಗಾಲು ಅದರ ಎಡ ಅಂಚಿಗೆ ಸಲೀಸಾಗಿ ಸಿಗುತ್ತದೆ. ಹೊಸಬರಿಗೆ ಮೊದಲ ವಾರ ಆಗುವ ಎಡವಟ್ಟು ಇದೇ. ಮೊದಮೊದಲು ಎಡಪಾದವನ್ನು ಸೀಟಿನ ಕಡೆಗೆ ಹಿಂದಕ್ಕೆ ಎಳೆದಿಟ್ಟುಕೊಂಡರೆ ಈ ಅಭ್ಯಾಸ ಬೇಗ ಬಿಡುತ್ತದೆ, ಆಮೇಲೆ ಡೆಡ್ ಪೆಡಲಿಗೆ ಇಡಿ. ಮನೆಯಲ್ಲಿ ಕ್ಲಚ್ ಇರುವ ಗಾಡಿಯೂ ಇದ್ದು ಎರಡನ್ನೂ ಓಡಿಸುತ್ತೀರಾದರೆ ಎಡಗಾಲಿನ ಬ್ರೇಕ್ ಖಂಡಿತ ಬೇಡ. ಒಂದೇ ಕಾಲಿಗೆ ಎರಡು ವಿರುದ್ಧ ಪಾಠ ಕಲಿಸಿದರೆ ಗಾಬರಿಯ ಗಳಿಗೆಯಲ್ಲಿ ಹಳೆಯದೇ ಮೇಲೆ ಬರುತ್ತದೆ.

ಗಾಬರಿ ಎಂದೆನಲ್ಲ, ನಿಜವಾದ ಅಪಾಯ ಇರುವುದು ಅಲ್ಲೇ. ಬೆಚ್ಚಿದಾಗ ಮನುಷ್ಯನ ಎರಡೂ ಕಾಲು ಸೆಟೆದು ಮುಂದಕ್ಕೆ ಚಾಚಿಕೊಳ್ಳುತ್ತವೆ. ಬಲಗಾಲು ಬ್ರೇಕ್ ಮೇಲೆ, ಎಡಗಾಲು ಡೆಡ್ ಪೆಡಲ್ ಮೇಲೆ ಇದ್ದರೆ ಆ ಸೆಟೆತ ಒಳ್ಳೆಯದಕ್ಕೇ ಬರುತ್ತದೆ: ಎಡಗಾಲು ಸೊಂಟವನ್ನು ಸೀಟಿಗೆ ಒತ್ತಿ ಹಿಡಿಯುತ್ತದೆ, ಬಲಗಾಲು ಪೂರ್ತಿ ಬಲ ಹಾಕುತ್ತದೆ. ಎರಡು ಪೆಡಲಿನ ಮೇಲೆ ಎರಡು ಕಾಲು ಇದ್ದರೆ ಎರಡೂ ಪೆಡಲ್ ಒಟ್ಟಿಗೆ ಹೋಗುತ್ತವೆ. ಈಚಿನ ಬಹಳಷ್ಟು ಕಾರುಗಳಲ್ಲಿ ಎರಡನ್ನೂ ಒತ್ತಿದಾಗ ಕಂಪ್ಯೂಟರ್ ಎಂಜಿನ್ ಶಕ್ತಿಯನ್ನು ಕಡಿತ ಮಾಡುವ ವ್ಯವಸ್ಥೆ ಇದೆ, ನಿಜ. ಆದರೆ ತೀರಾ ಕಡಿಮೆ ವೇಗದಲ್ಲಿ, ಅಥವಾ ಬ್ರೇಕ್ ಮೊದಲು ಒತ್ತಿ ಆಮೇಲೆ ಆಕ್ಸಿಲರೇಟರ್ ಒತ್ತಿದಾಗ, ಕೆಲವು ಗಾಡಿಗಳಲ್ಲಿ ಅದು ಅಡ್ಡ ಬರುವುದಿಲ್ಲ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಗೋಡೆಗೆ ಗುದ್ದುವುದು ಆ ಕಡಿಮೆ ವೇಗದಲ್ಲೇ.

ಇಲ್ಲಿ ಎಡಗಾಲಿನ ಪರವಾದಿಗಳು ಒಂದು ಮಾತು ಹೇಳುತ್ತಾರೆ, ಅದಕ್ಕೆ ಉತ್ತರ ಕೊಡದೆ ಹೋಗುವುದು ಸರಿಯಲ್ಲ: ಬಲಗಾಲಿನವರೂ ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ತುಳಿಯುತ್ತಾರಲ್ಲ? ತುಳಿಯುತ್ತಾರೆ. ಅಮೆರಿಕದಲ್ಲಿ 1986ರಲ್ಲಿ ಆಡಿ 5000 ಕಾರು ತಾನಾಗಿಯೇ ನುಗ್ಗುತ್ತದೆ ಎಂದು ದೊಡ್ಡ ಗದ್ದಲವಾಯಿತು. ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆ 1989ರ ವರದಿಯಲ್ಲಿ, ಇಂಥ ಬಹುಪಾಲು ಪ್ರಕರಣಗಳಿಗೆ ಕಾರಣ ಚಾಲಕರು ತಪ್ಪು ಪೆಡಲ್ ಒತ್ತಿದ್ದೇ ಎಂದು ಹೇಳಿತು. ಇವತ್ತು ಬ್ರೇಕ್ ಒತ್ತದೆ ಗೇರ್ ಲಿವರ್ ಪಿ ಯಿಂದ ಹೊರಗೆ ಬರದಂತೆ ಮಾಡಿರುವ ಬೀಗ ವ್ಯಾಪಕವಾಗಿ ಬಂದದ್ದು ಆ ಗದ್ದಲದ ನಂತರವೇ. ಅಂದರೆ ಬಲಗಾಲು ತಪ್ಪುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಅದು ಏಕೆ ತಪ್ಪುತ್ತದೆ ಎಂದು ತಿಳಿದು ಅಷ್ಟನ್ನು ಸರಿಪಡಿಸಿಕೊಂಡರೆ ಸಾಕು.

ಮುಖ್ಯ ಕಾರಣ ಹಿಮ್ಮಡಿ ಇರುವ ಜಾಗ. ಬಲ ಹಿಮ್ಮಡಿ ಆಕ್ಸಿಲರೇಟರಿನ ಮುಂದೆ ಇದ್ದರೆ ಬ್ರೇಕಿಗೆ ಹೋಗಲು ಇಡೀ ಕಾಲು ಎತ್ತಬೇಕು, ಎತ್ತಿದ ಕಾಲು ಎಲ್ಲಿ ಇಳಿಯುತ್ತದೆ ಎಂಬ ಖಾತ್ರಿ ಇಲ್ಲ. ಹಿಮ್ಮಡಿಯನ್ನು ಬ್ರೇಕ್ ಪೆಡಲಿನ ನೇರಕ್ಕೆ ನೆಲದ ಮೇಲೆ ಊರಿ, ಆಕ್ಸಿಲರೇಟರಿಗೆ ಬೇಕಾದಾಗ ಪಾದದ ಮುಂಭಾಗವನ್ನು ಮಾತ್ರ ಬಲಕ್ಕೆ ತಿರುಗಿಸಿ. ಹೀಗೆ ಕೂತರೆ ಸಡಿಲ ಬಿಟ್ಟ ಪಾದ ಬ್ರೇಕಿನ ಕಡೆಗೇ ಬರುತ್ತದೆ. ಜೋರಾಗಿ ಬ್ರೇಕ್ ಹಾಕುವಾಗ ಹಿಮ್ಮಡಿ ನೆಲ ಬಿಟ್ಟರೂ ಚಿಂತೆಯಿಲ್ಲ. ಸೀಟನ್ನು ಎಷ್ಟು ಮುಂದೆ ತರಬೇಕು ಎಂದರೆ, ಬ್ರೇಕನ್ನು ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಿಸಿರಬೇಕು. ಹವಾಯಿ ಚಪ್ಪಲಿ ಬೇಡ. ಒಂದರ ಮೇಲೊಂದು ಎರಡು ಮ್ಯಾಟ್ ಹಾಸಬೇಡಿ. ರಿವರ್ಸ್ ತೆಗೆಯುವಾಗ ಹಿಂದೆ ನೋಡಲು ಸೊಂಟ ತಿರುಗಿಸುತ್ತೀರಿ, ಆಗ ಕಾಲೂ ಗೊತ್ತಿಲ್ಲದೆ ಸರಿದಿರುತ್ತದೆ. ಮೊದಲು ತಿರುಗಿ ಕೂತು, ಬ್ರೇಕನ್ನು ಒಮ್ಮೆ ಒತ್ತಿ ನೋಡಿ, ಆಮೇಲೆ ಬಿಡಿ. ಸಮತಟ್ಟಾದ ಪಾರ್ಕಿಂಗಿನಲ್ಲಿ ಆಕ್ಸಿಲರೇಟರ್ ಮುಟ್ಟಲೇಬೇಕಿಲ್ಲ: ಬ್ರೇಕ್ ಸಡಿಲಿಸಿದರೆ ಗಾಡಿ ತಾನಾಗಿ ತೆವಳುತ್ತದೆ, ಬಲಗಾಲು ಬ್ರೇಕ್ ಬಿಟ್ಟು ಅಲ್ಲಾಡದಿದ್ದರೆ ಸಾಕು.

ಆ 0.2 ಸೆಕೆಂಡನ್ನೂ ಬಹುಪಾಲು ಬಲಗಾಲಿನಲ್ಲೇ ಉಳಿಸಬಹುದು. ಶಾಲೆಯ ಮುಂದೆ, ನಿಂತ ಬಸ್ಸಿನ ಪಕ್ಕದಲ್ಲಿ, ಮುಂದಿನ ಗಾಡಿಯ ದೀಪ ಹತ್ತಿದಾಗ, ಆಕ್ಸಿಲರೇಟರ್ ಬಿಟ್ಟು ಪಾದವನ್ನು ಮೊದಲೇ ಬ್ರೇಕ್ ಮೇಲೆ ತಂದು, ಒತ್ತದೆ ಹಿಡಿದಿರಿ. ದಾರಿ ತಿಳಿಯಾದರೆ ವಾಪಸ್ ಹೋಗಿ.

ಏನಾದರೂ ಹೆಚ್ಚುಕಮ್ಮಿಯಾಗಿ, ಬ್ರೇಕ್ ಎಂದು ಒತ್ತಿದ್ದಕ್ಕೆ ಗಾಡಿ ನುಗ್ಗಿತು ಎಂದುಕೊಳ್ಳಿ. ಇನ್ನೂ ಜೋರಾಗಿ ಒತ್ತಬೇಡಿ. ಕಾಲನ್ನು ಪೂರ್ತಿ ಎತ್ತಿ, ಎಡಕ್ಕೆ ತಂದು, ಅಗಲದ ಪೆಡಲನ್ನು ಒಂದೇ ಸಲ ಬಲವಾಗಿ ಒತ್ತಿ ಹಿಡಿಯಿರಿ, ಲಿವರನ್ನು ಎನ್ (ನ್ಯೂಟ್ರಲ್) ಗೆ ತಳ್ಳಿ. ಒತ್ತಿ ಬಿಟ್ಟು ಮತ್ತೆ ಒತ್ತಬೇಡಿ: ಆಕ್ಸಿಲರೇಟರ್ ಸಿಕ್ಕಿಹಾಕಿಕೊಂಡು ಪೆಟ್ರೋಲ್ ಎಂಜಿನ್ನಿನ ಥ್ರಾಟಲ್ (ಗಾಳಿ ಒಳಬಿಡುವ ಬಾಗಿಲು) ಪೂರ್ತಿ ತೆರೆದೇ ಇದ್ದರೆ, ಕಾಲಿನ ಬಲವನ್ನು ಹೆಚ್ಚಿಸುವ ಬ್ರೇಕ್ ಬೂಸ್ಟರಿಗೆ ಬೇಕಾದ ನಿರ್ವಾತ ಸರಿಯಾಗಿ ಹುಟ್ಟುವುದಿಲ್ಲ, ಎರಡು ಮೂರು ಸಲದಲ್ಲಿ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಓಡುವಾಗ ಕೀ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆದೀತು.

ರೇಸಿನವರ ವಿಷಯಕ್ಕೆ ಬರೋಣ. ಫಾರ್ಮುಲಾ ಒನ್ ಕಾರಿನಲ್ಲಿ ಕ್ಲಚ್ ಪೆಡಲೇ ಇಲ್ಲ, ಅದು ಸ್ಟೀರಿಂಗ್ ಹಿಂದೆ ಕೈಗೆ ಸಿಗುತ್ತದೆ. ಚಾಲಕನನ್ನು ಆರು ಕಡೆ ಬಿಗಿಯುವ ಬೆಲ್ಟಿನಿಂದ ಸೀಟಿಗೆ ಕಟ್ಟಿಹಾಕಿರುವುದರಿಂದ ಎಡಗಾಲಿಗೆ ಮೈ ತಡೆಹಿಡಿಯುವ ಕೆಲಸವಿಲ್ಲ. ಗೋ-ಕಾರ್ಟಿನಲ್ಲೂ ಎರಡೇ ಪೆಡಲ್, ಎಷ್ಟೋ ಚಾಲಕರು ಮಕ್ಕಳಾಗಿದ್ದಾಗ ಅಲ್ಲೇ ಎಡಗಾಲನ್ನು ಪಳಗಿಸಿಕೊಂಡು ಬಂದವರು. ರ್ಯಾಲಿಯ ಕತೆ ಬೇರೆ: 1960ರ ದಶಕದಲ್ಲಿ ಫಿನ್ಲೆಂಡಿನ ಟಿಮೋ ಮ್ಯಾಕಿನೆನ್, ರೌನೊ ಆಲ್ಟೊನೆನ್ ಮೊದಲಾದವರು ಮಿನಿ ಕೂಪರ್‌ನಂಥ ಮುಂಚಕ್ರ ಎಳೆತದ ಕಾರುಗಳಲ್ಲಿ, ಬಲಗಾಲು ಆಕ್ಸಿಲರೇಟರ್ ಬಿಡದೆ ಎಡಗಾಲಿನಲ್ಲಿ ಬ್ರೇಕ್ ಒತ್ತಿ, ಭಾರವನ್ನು ಮುಂಚಕ್ರಗಳ ಮೇಲೆ ತಂದು ಹಿಂಭಾಗವನ್ನು ಬೇಕೆಂದೇ ಜಾರಿಸಿ ತಿರುವು ತೆಗೆಯುತ್ತಿದ್ದರು. ಹಿಂಭಾಗ ಜಾರಬಾರದು ಎಂಬುದು ನಮ್ಮ ರಸ್ತೆಯ ಗುರಿ. ಆ ವಿದ್ಯೆ ಇಲ್ಲಿ ಉಪಯೋಗಕ್ಕೆ ಬಾರದು.

ಏರಿನಲ್ಲಿ ಹಿಂದೆ ಜಾರದಿರಲು ಮಾತ್ರ ಎಡಗಾಲು ಬಳಸಬಹುದೇ ಎಂದೂ ಕೇಳಿದ್ದೀರಿ. ನಿಮ್ಮದು ಯಾವ ಗೇರ್‌ಬಾಕ್ಸ್ ಎಂಬುದರ ಮೇಲೆ ಉತ್ತರ ನಿಂತಿದೆ. ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲಿನ ಮೂಲಕ ದಾಟಿಸುವ ಬಗೆ) ಇದ್ದರೆ ಒಂದೆರಡು ಸೆಕೆಂಡ್ ಹೀಗೆ ಮಾಡಿದರೆ ಏನೂ ಆಗದು, ಆದರೆ ಬ್ರೇಕ್ ಹಿಡಿದು ಎಂಜಿನ್ ರೇಸ್ ಮಾಡುತ್ತಾ ನಿಂತರೆ ಶಕ್ತಿಯೆಲ್ಲ ಗೇರ್‌ಬಾಕ್ಸ್ ಆಯಿಲನ್ನು ಕಾಯಿಸುವುದಕ್ಕೇ ಹೋಗುತ್ತದೆ. ವರ್ಕ್‌ಶಾಪಿನಲ್ಲಿ ಪರೀಕ್ಷೆಗೆ ಹೀಗೆ ಮಾಡುವಾಗಲೂ ಸಾಮಾನ್ಯವಾಗಿ 5 ಸೆಕೆಂಡ್ ಮೀರಿಸುವುದಿಲ್ಲ. ಎಎಂಟಿ (ಮ್ಯಾನುಯಲ್ ಗೇರ್‌ಬಾಕ್ಸನ್ನೇ ಯಂತ್ರ ನಡೆಸುವ ಬಗೆ) ಇದ್ದರೆ ಈ ಉಪಾಯ ನಡೆಯುವುದೇ ಇಲ್ಲ. ಅದರ ಒಳಗೆ ಇರುವುದು ಮಾಮೂಲಿ ಕ್ಲಚ್ ಪ್ಲೇಟ್, ನೀವು ಬ್ರೇಕ್ ಒತ್ತಿ ನಿಂತಾಗ ಕಂಪ್ಯೂಟರ್ ಅದನ್ನು ಬಿಡಿಸಿರುತ್ತದೆ, ಎಳೆತವೇ ಬರುವುದಿಲ್ಲ. ಬ್ರೇಕ್ ಬಿಟ್ಟು ಆಕ್ಸಿಲರೇಟರಿನಿಂದಲೇ ಏರಿನಲ್ಲಿ ಗಾಡಿ ನಿಲ್ಲಿಸಿಕೊಂಡರೆ ಪ್ಲೇಟ್ ಸವೆಯುತ್ತದೆ, ಸುಟ್ಟ ವಾಸನೆ ಬರುತ್ತದೆ. ಎಲ್ಲ ಬಗೆಯವಕ್ಕೂ ಸರಿಹೊಂದುವ ದಾರಿ ಹ್ಯಾಂಡ್‌ಬ್ರೇಕ್: ಎಳೆದು ನಿಲ್ಲಿಸಿ, ಆಕ್ಸಿಲರೇಟರ್ ಕೊಟ್ಟು ಗಾಡಿಯ ಮುಂಭಾಗ ಸ್ವಲ್ಪ ಏಳುವುದು ಗೊತ್ತಾದಾಗ ಇಳಿಸಿ. ಹಿಲ್ ಹೋಲ್ಡ್ ಇದ್ದರೆ ಬ್ರೇಕ್ ಬಿಟ್ಟ ಮೇಲೂ ಸುಮಾರು 2 ಸೆಕೆಂಡ್ ಗಾಡಿ ನಿಲ್ಲುತ್ತದೆ, ಬಲಗಾಲಿಗೆ ಅಷ್ಟು ಹೊತ್ತು ಧಾರಾಳ. ಟ್ರಾಫಿಕ್ಕಿನಲ್ಲಿ ಬಲಗಾಲು ನೋಯುತ್ತದೆ ಎನ್ನುವವರು ಗಾಡಿ ನಿಂತಾಗ ಬ್ರೇಕನ್ನು ತಾನೇ ಹಿಡಿದಿಡುವ ಆಟೋ ಹೋಲ್ಡ್ ಗುಂಡಿ ಇದ್ದರೆ ಅದನ್ನು ಒತ್ತಿಡಿ. ಇಲ್ಲದಿದ್ದರೆ ಉದ್ದದ ಸಿಗ್ನಲಿನಲ್ಲಿ ಎನ್ ಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆಯಿರಿ.

ಬಲಗಾಲಿನ ಮಂಡಿ ಅಥವಾ ಪಾದದ ಕೀಲಿನ ತೊಂದರೆಯಿಂದ ಎಡಗಾಲು ಬಳಸಲೇಬೇಕಾದವರೂ ಇದ್ದಾರೆ. ಅಂಥವರು ಮೊದಲು ವೈದ್ಯರ ಒಪ್ಪಿಗೆ ಪಡೆದು, ಖಾಲಿ ಮೈದಾನದಲ್ಲಿ ಕಲಿಯಬೇಕು. ಆಕ್ಸಿಲರೇಟರ್ ಮುಟ್ಟದೆ ತೆವಳುವ ಗಾಡಿಯನ್ನು ಎಡಗಾಲಿನಲ್ಲಿ ನಿಲ್ಲಿಸುವುದು ಮೊದಲ ಹಂತ, ಕೂತವರ ತಲೆ ಅಲುಗದಂತೆ ನಿಲ್ಲಿಸಲು ಬರುವವರೆಗೆ ಅಷ್ಟೇ. ಆಮೇಲೆ 20, 40 ಕಿ.ಮೀ. ವೇಗದಿಂದ, ಕೊನೆಗೆ ಎಬಿಎಸ್ (ಚಕ್ರ ಸುತ್ತದೆ ಜಾರುವುದನ್ನು ತಡೆಯುವ ವ್ಯವಸ್ಥೆ) ಕೆಲಸ ಮಾಡಿ ಪೆಡಲ್ ನಡುಗುವಷ್ಟು ಬಲವಾಗಿ. ಆಕ್ಸಿಲರೇಟರ್ ಪೂರ್ತಿ ಬಿಟ್ಟ ಮೇಲೆಯೇ ಬ್ರೇಕ್ ಎಂಬುದು ಕಾಲಿಗೆ ಬರಬೇಕು, ಬ್ರೇಕ್ ಬೇಡದಾಗ ಎಡಗಾಲು ಡೆಡ್ ಪೆಡಲಿಗೆ ಮರಳಬೇಕು. ಕಲಿತ ಮೇಲೆ ಬಲಗಾಲಿನ ಬ್ರೇಕಿಗೂ ಕ್ಲಚ್ ಗಾಡಿಗೂ ಹಿಂತಿರುಗಬೇಡಿ. ಬಲಗಾಲು ಆಕ್ಸಿಲರೇಟರಿಗೂ ಆಗದು ಎಂದಾದರೆ, ಬ್ರೇಕಿನ ಎಡಗಡೆಗೆ ಇನ್ನೊಂದು ಆಕ್ಸಿಲರೇಟರ್ ಕೂರಿಸಿ ಎರಡನ್ನೂ ಎಡಗಾಲಿಗೇ ಕೊಡುವ ಜೋಡಣೆ ಸಿಗುತ್ತದೆ. ಅದಕ್ಕೆ ಆರ್‌ಟಿಒ ಒಪ್ಪಿಗೆ ಬೇಕು, ಮಾರ್ಪಾಡು ಆರ್‌ಸಿಯಲ್ಲಿ ದಾಖಲಾಗಬೇಕು. ಅಂಥ ಗಾಡಿಯನ್ನು ಮನೆಯ ಬೇರೆಯವರು ಓಡಿಸುವಾಗ ಎಡಗಡೆಯ ಪೆಡಲನ್ನು ಮಡಚಿಡುವ ಅಥವಾ ಬಿಚ್ಚಿಡುವ ಸೌಲಭ್ಯ ಇದೆಯೇ ಎಂದು ಕೂರಿಸುವ ಮುಂಚೆಯೇ ಕೇಳಿಕೊಳ್ಳಿ.