ಮತ ಎಣಿಕೆ ಮುಗಿದ ಮೇಲೆ ಏನಾಯಿತು?

ಆತ್ಮೀಯರೇ,

ನಿಮ್ಮ ‘ಅಮೆರಿಕದಲ್ಲಿ ಯೂನಿಯನ್ ಅಲೆ: ಮಾಲೀಕರಿಗೆ ಎಚ್ಚರಿಕೆ’ ಲೇಖನ ತಲುಪಿತು. ಭಾಷೆ ಚೆನ್ನಾಗಿದೆ, ಸಾಕಷ್ಟು ಓದಿಕೊಂಡಿದ್ದೀರಿ. 2021ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಬಫೆಲೋ ನಗರದ ಒಂದು ಸ್ಟಾರ್‌ಬಕ್ಸ್ ಅಂಗಡಿಯಲ್ಲಿ ಕಾರ್ಮಿಕ ಸಂಘ 19–8 ಮತಗಳಿಂದ ಗೆದ್ದ ಭಾಗ ಇಷ್ಟವಾಯಿತು. ಆದರೆ ಲೇಖನವನ್ನು ಹೀಗೇ ಪ್ರಕಟಿಸಲಾರೆ. ಎರಡು ಕಡೆ ನನಗೆ ಸಿಟ್ಟೇ ಬಂತು. ಅವನ್ನಷ್ಟೇ ಹೇಳುತ್ತೇನೆ.

ಮೊದಲನೆಯದು ನಿಮ್ಮ ಆರಂಭ. ಮೊದಲ ಸಾಲು: ‘ಒಂದೇ ವರ್ಷದಲ್ಲಿ ಸಂಘಗಳ ಬಲ 53% ಏರಿದೆ.’ ಏರಿದ್ದು ಬಲವಲ್ಲ, ಅರ್ಜಿ. ಚುನಾವಣೆ ನಡೆಸಿಕೊಡಿ ಎಂದು ಅಲ್ಲಿನ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಗೆ 2021ರ ಆರ್ಥಿಕ ವರ್ಷದಲ್ಲಿ 1,638 ಅರ್ಜಿ ಬಂದಿದ್ದವು. ಮರುವರ್ಷ 2,510. ನಿಮ್ಮ 53% ಇದೇ. 2024ರಲ್ಲಿ 3,286. ದೊಡ್ಡ ಏರಿಕೆಯೇ, ಅಲ್ವಾ? ಆದರೆ ಅದೇ 2024ರಲ್ಲಿ ಅಮೆರಿಕದ ಒಟ್ಟು ನೌಕರರಲ್ಲಿ ಸಂಘದ ಸದಸ್ಯರು 9.9% ಮಾತ್ರ. 1983ರಲ್ಲಿ 20.1% ಇದ್ದರು. ಖಾಸಗಿ ವಲಯವನ್ನಷ್ಟೇ ತೆಗೆದುಕೊಂಡರೆ 5.9%. ಅರ್ಜಿ ಏರುತ್ತಿದೆ, ಸದಸ್ಯರ ಪಾಲು ಇಳಿದಿದೆ. ಬಫೆಲೋದ ಆ ಅಂಗಡಿಯಲ್ಲಿ ಎಣಿಸಿದ್ದು ಒಟ್ಟು 27 ಮತ. ಅಷ್ಟು ಚಿಕ್ಕ ಗೆಲುವುಗಳು ಎಷ್ಟು ಸೇರಿದರೆ ಆ ದೊಡ್ಡ ಅಂಕಿ ಅಲುಗಾಡುತ್ತದೆ? ಲೇಖನ ಇಲ್ಲಿಂದ ಶುರುವಾಗಬೇಕಿತ್ತು.

ಮುಂದಿನ ಸಾಲು ಇನ್ನೂ ಕಾಡಿತು: ‘ಸ್ಟೇಟನ್ ಐಲ್ಯಾಂಡ್‌ನ ಅಮೆಜಾನ್ ನೌಕರರು ಗೆದ್ದು ತಮ್ಮ ಹಕ್ಕು ಪಡೆದುಕೊಂಡರು.’ ನ್ಯೂಯಾರ್ಕ್ ನಗರದ ಆ ಗೋದಾಮಿನಲ್ಲಿ ನೌಕರರ ಸಂಘ 2022ರ ಏಪ್ರಿಲ್ 1ರಂದು 2,654–2,131 ಮತಗಳಿಂದ ಗೆದ್ದದ್ದು ನಿಜ. ಪಡೆದುಕೊಂಡದ್ದು ಏನು? ಕಂಪನಿ ಆ ಫಲಿತಾಂಶವನ್ನೇ ಪ್ರಶ್ನಿಸಿತು. ಎರಡು ವರ್ಷ ಕಳೆದರೂ ಮಾತುಕತೆಗೆ ಕೂರಲಿಲ್ಲ. 2024ರಲ್ಲಿ ಆ ಸಂಘ ಲಾರಿ ಚಾಲಕರು, ಸರಕು ಸಾಗಣೆ ನೌಕರರ ದೊಡ್ಡ ಸಂಘಟನೆಯಾದ ಟೀಮ್‌ಸ್ಟರ್ಸ್ ಜೊತೆ ಸೇರಿಕೊಂಡಿತು. ನಿಶ್ಚಿತಾರ್ಥ ಆದ ಮಾತ್ರಕ್ಕೆ ಮದುವೆ ಆಗಿಹೋಯಿತು ಅಂತ ಬರೆದಿದ್ದೀರಿ.

ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಪೀಣ್ಯದ ಕಾರ್ಖಾನೆಗಳ ಸುದ್ದಿ ನನ್ನ ಪಾಲಿಗಿತ್ತು. ಸಂಘದ ಚುನಾವಣೆ ಅಂದರೆ ಗೇಟಿನ ಹೊರಗೆ ಹಾರ, ಪಟಾಕಿ, ಜೈಕಾರ. ಅದನ್ನೆಲ್ಲ ಬರೆದುಕೊಂಡು ಬಂದರೆ ನಮ್ಮ ಹಿರಿಯ ಉಪಸಂಪಾದಕರು ಒಂದು ಪ್ಯಾರಾ ಉಳಿಸಿ ಮಿಕ್ಕಿದ್ದು ಹೊಡೆದುಹಾಕುತ್ತಿದ್ದರು. ‘ಒಪ್ಪಂದಕ್ಕೆ ಸಹಿ ಬಿತ್ತಾ? ಸಂಬಳ ಎಷ್ಟು ಏರಿತು? ತಿಳ್ಕೊಂಡು ಬಾ’ ಅಂತ ಮತ್ತೆ ಅಟ್ಟುತ್ತಿದ್ದರು. ಪಾಳಿ ಬಿಡುವ ಹೊತ್ತಿಗೆ ಟೀ ಅಂಗಡಿಯ ಪಕ್ಕ ನಿಂತು, ಪರಿಚಯವಾದವರ ಸಂಬಳದ ಚೀಟಿ ನೋಡಿ ಬರೆದುಕೊಳ್ಳುತ್ತಿದ್ದೆ. ಕಾರ್ಮಿಕರ ಸುದ್ದಿ ಬರೆಯುವುದನ್ನು ಕಲಿತದ್ದು ಆ ಚೀಟಿಗಳಿಂದ. ನಿಮ್ಮ ಲೇಖನದಲ್ಲಿ ಅಂಥ ಒಂದು ಚೀಟಿಯೂ ಇಲ್ಲ.

ಅಲ್ಲಿನ ನಿಯಮವನ್ನೂ ನೀವು ಹೇಳಿಲ್ಲ. ನಮ್ಮ ಓದುಗರಿಗೆ ಸಂಘ ಅಂದರೆ ನೋಂದಣಿ, ಬೋರ್ಡು, ಬೇಡಿಕೆ ಪಟ್ಟಿ. ಅಲ್ಲಿ ಸಾಮಾನ್ಯವಾಗಿ ನೌಕರರಲ್ಲಿ 30% ಜನ ಸಹಿ ಹಾಕಿದರೆ ಮಂಡಳಿ ರಹಸ್ಯ ಮತದಾನ ನಡೆಸುತ್ತದೆ. ಸಂಘ ಬೇಕೋ ಬೇಡವೋ, ಅಷ್ಟೇ ಪ್ರಶ್ನೆ. ಬಿದ್ದ ಮತಗಳಲ್ಲಿ ಬಹುಮತ ಬಂದರೆ ಮಾಲೀಕರು ಮಾತುಕತೆಗೆ ಕೂರಲೇಬೇಕು. ಒಪ್ಪಂದ ಮಾಡಿಕೊಳ್ಳಲೇಬೇಕು ಅಂತೇನಿಲ್ಲ. ಗೆದ್ದ ಸಂಘವನ್ನು ಕೈಬಿಡುವ ಮತದಾನಕ್ಕೆ ಒಂದು ವರ್ಷ ಅವಕಾಶವಿಲ್ಲ. ಆಮೇಲೆ ಉಂಟು. ತಡ ಮಾಡಿದರೆ ಯಾರಿಗೆ ಲಾಭ ಅನ್ನುವುದು ಈಗ ಗೊತ್ತಾಯಿತಲ್ಲ?

ಎರಡನೆಯದು ನಿಮ್ಮ ಕೊನೆಯ ಭಾಗ. ‘ಮಾಲೀಕರು ನೌಕರರೊಂದಿಗೆ ಸಂವಹನ ಹೆಚ್ಚಿಸಿಕೊಳ್ಳಬೇಕು.’ ಯಾವ ಸಂವಹನ? ಕೆಲಸದ ವೇಳೆಯಲ್ಲಿ ಎಲ್ಲರನ್ನೂ ಕಡ್ಡಾಯವಾಗಿ ಕೂರಿಸಿ ಸಂಘದ ವಿರುದ್ಧ ಭಾಷಣ ಕೇಳಿಸುವುದೂ ಸಂವಹನವೇ. 1948ರಿಂದ ಅದಕ್ಕೆ ಅವಕಾಶವಿತ್ತು. 2024ರ ನವೆಂಬರ್‌ನಲ್ಲಿ ಮಂಡಳಿ ಅದು ಕಾನೂನುಬಾಹಿರ ಅಂದಿತು. ‘ಅಸಮಾಧಾನವನ್ನು ಮೊದಲೇ ಗುರುತಿಸಬೇಕು’ ಅಂತಲೂ ಬರೆದಿದ್ದೀರಿ. ಯಾರು ಸಹಿ ಹಾಕಿದರು ಅಂತ ಹೆದರಿಸಿ ಕೇಳುವುದು, ಗುಟ್ಟಾಗಿ ಕಣ್ಣಿಡುವುದು, ಸಂಘ ಬೇಡ ಅಂದರೆ ಸಂಬಳ ಏರಿಸುತ್ತೇವೆ ಅನ್ನುವುದು, ಇವೆಲ್ಲ ಕಾನೂನಿಗೆ ವಿರುದ್ಧ. ಇಂಥ ತಪ್ಪಿನಿಂದ ಚುನಾವಣೆಯೇ ಕೆಟ್ಟರೆ, ಮರುಮತದಾನವಿಲ್ಲದೆ ಮಾತುಕತೆಗೆ ಕೂರಿ ಎಂದು ಆದೇಶಿಸಬಹುದು ಅಂತ ಮಂಡಳಿ 2023ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು. ಮಾಲೀಕರಿಗಾಗಿ ಬರೆದ ಲೇಖನದಲ್ಲಿ ಇದೇ ಇಲ್ಲ ಅಂದರೆ ಹೇಗೆ? ಮಂಡಳಿಯ ಸದಸ್ಯರನ್ನು ನೇಮಿಸುವವರು ಅಮೆರಿಕದ ಅಧ್ಯಕ್ಷರು. ಸರ್ಕಾರ ಬದಲಾದರೆ ತೀರ್ಪುಗಳ ದಿಕ್ಕೂ ಬದಲಾಗುತ್ತದೆ. 2025ರ ಜನವರಿಯಲ್ಲಿ ಟ್ರಂಪ್ ಒಬ್ಬ ಸದಸ್ಯರನ್ನು ತೆಗೆದುಹಾಕಿದಾಗ ತೀರ್ಪು ಕೊಡಲು ಬೇಕಾದ ಕನಿಷ್ಠ ಸದಸ್ಯರ ಸಂಖ್ಯೆ (ಕೋರಂ) ಕೂಡ ಉಳಿಯಲಿಲ್ಲ.

ಸುಮ್ನೆ ಉಪದೇಶ ಮಾಡುವ ಬದಲು ಎರಡು ಕಾರ್ಖಾನೆಗಳನ್ನು ಪಕ್ಕಪಕ್ಕ ಇಡಿ. ಟೆನ್ನೆಸ್ಸೀ ರಾಜ್ಯದ ಚಟನೂಗದ ಫೋಕ್ಸ್‌ವ್ಯಾಗನ್‌ನಲ್ಲಿ ಸಂಘ 2014ರಲ್ಲೂ 2019ರಲ್ಲೂ ಸೋತು, 2024ರ ಏಪ್ರಿಲ್‌ನಲ್ಲಿ 2,628–985ರಿಂದ ಗೆದ್ದಿತು. ಮರುತಿಂಗಳೇ ಅಲಬಾಮಾದ ಮರ್ಸಿಡಿಸ್‌ನಲ್ಲಿ 2,045–2,642ರಿಂದ ಸೋತಿತು. ಅಲ್ಲಿ ಕಂಪನಿ ಮತದಾನಕ್ಕೆ ಸ್ವಲ್ಪ ಮೊದಲು ಮುಖ್ಯಸ್ಥರನ್ನೇ ಬದಲಾಯಿಸಿತ್ತು. ಗೆದ್ದದ್ದು ನಿಮ್ಮ ಲೇಖನದಲ್ಲಿದೆ, ಸೋತದ್ದು ಇಲ್ಲ. ಶೀರ್ಷಿಕೆಗೆ ಹೊಂದಲಿಲ್ಲ ಅಂತ ಬಿಟ್ಟಿರಿ ಅನ್ನಿಸಿತು.

ಸೋತವರನ್ನೂ ಸೇರಿಸಿ. ಕೊನೆಯ ಭಾಗ ಪೂರ್ತಿ ತೆಗೆದು ಹೊಸದಾಗಿ ಬರೆಯಿರಿ. ಉದ್ದ ಜಾಸ್ತಿಯಾದರೂ ಪರವಾಗಿಲ್ಲ, ಜಾಗ ಕೊಡುತ್ತೇನೆ.

ನಿಮ್ಮ,
ಸಂಪಾದಕ