ವಿಎಂ ನಿಧಾನವಾಗಿದೆ, ವಿಸೆಂಟರ್‌ನಲ್ಲಿ ಸಿಪಿಯು ರೆಡಿ ಜಾಸ್ತಿ ಇದೆ. ವಿಸಿಪಿಯು ಹೆಚ್ಚಿಸಲೋ, ಹೊಸ ಹೋಸ್ಟ್ ಕೇಳಲೋ?

ಎರಡೂ ಬೇಡ. ಲೆಕ್ಕ ಸರಿಯಾಗುವವರೆಗೆ ದಯವಿಟ್ಟು ಏನನ್ನೂ ಖರೀದಿಸಬೇಡಿ. (ಹೊಸಬರಿಗೆ: ಹೋಸ್ಟ್ ಅಂದರೆ ನಿಜವಾದ ಸರ್ವರ್, ವಿಎಂ ಅಂದರೆ ಅದರೊಳಗೆ ಸಾಫ್ಟ್‌ವೇರ್ ಆಗಿ ಓಡುವ ಕಂಪ್ಯೂಟರ್, ವಿಸಿಪಿಯು ಅಂದರೆ ಆ ವಿಎಂಗೆ ಕೊಟ್ಟ ವರ್ಚುವಲ್ ಸಿಪಿಯು, ವಿಸೆಂಟರ್ ಅಂದರೆ ಇವನ್ನೆಲ್ಲ ನೋಡಿಕೊಳ್ಳುವ ವಿಎಂವೇರ್ ಸಾಫ್ಟ್‌ವೇರ್.)

"ನಿನ್ನೆಯ ಚಾರ್ಟ್‌ನಲ್ಲಿ ರೆಡಿ 30,000 ಮಿಲಿಸೆಕೆಂಡ್ ಇದೆ, ವಿಎಂಗೆ 4 ವಿಸಿಪಿಯು" ಅಂತ ಬರೆದಿದ್ದೀರಿ. ಪುಣೆಯ ಹಿಂಜವಡಿಯಲ್ಲಿದ್ದಾಗ ನಮ್ಮ ಡೇಟಾಬೇಸ್ ವಿಎಂದೂ ಹೆಚ್ಚುಕಡಿಮೆ ಇದೇ ಅಂಕಿ. ಬೆಳಿಗ್ಗೆ ಜನ ಲಾಗಿನ್ ಆಗುವ ಹೊತ್ತಿಗೆ ಸರಿಯಾಗಿ ಎಲ್ಲ ನಿಂತುಬಿಡುತ್ತಿತ್ತು. ನಾನು ವಿಸೆಂಟರ್‌ನಲ್ಲಿ ಪಾಸ್ಟ್ ಡೇ, ಅಂದರೆ ಕಳೆದ ಒಂದು ದಿನದ ಚಾರ್ಟ್ ತೆಗೆದೆ, ಅಂಕಿ ನೋಡಿದೆ, ಹೋಸ್ಟ್‌ನಲ್ಲಿ ಸಿಪಿಯು ಸಾಲುತ್ತಿಲ್ಲ ಅಂತ ವರದಿ ಬರೆದೆ.

ತಪ್ಪಿದ್ದು ಇಲ್ಲೇ, ಇದನ್ನು ನಿಧಾನವಾಗಿ ಓದಿ. ವಿಎಂ ಓಡಲು ತಯಾರಿದ್ದೂ ಖಾಲಿ ಕೋರ್ ಸಿಗದೆ ಕಾದ ಹೊತ್ತೇ ರೆಡಿ. ಆ ಕೌಂಟರ್ ಕೊಡುವುದು ಶೇಕಡಾವಾರು ಅಲ್ಲ, ಕೂಡಿಸಿದ ಮಿಲಿಸೆಕೆಂಡ್. ಎಷ್ಟು ಹೊತ್ತಿನ ಮೊತ್ತ ಅನ್ನುವುದು ಚಾರ್ಟ್‌ನಿಂದ ಚಾರ್ಟ್‌ಗೆ ಬೇರೆ. ರಿಯಲ್ ಟೈಮ್‌ನಲ್ಲಿ ಒಂದು ಚುಕ್ಕೆ ಅಂದರೆ 20 ಸೆಕೆಂಡ್, ಪಾಸ್ಟ್ ಡೇಯಲ್ಲಿ 300, ವಾರದ್ದರಲ್ಲಿ 1,800. ನಾನು ದಿನದ ಅಂಕಿಯನ್ನು ರಿಯಲ್ ಟೈಮ್‌ನ 20 ಸೆಕೆಂಡಿನಿಂದ, ಅಂದರೆ 20,000 ಮಿಲಿಸೆಕೆಂಡಿನಿಂದ ಭಾಗಿಸಿದೆ. ಶೇಕಡಾ 150 ಬಂತು, 4 ವಿಸಿಪಿಯುಗೆ ಹಂಚಿದರೆ ಒಂದಕ್ಕೆ 37.5. ಯಾರಾದರೂ ಹೆದರುತ್ತಾರೆ, ಅಲ್ವಾ? ಆದರೆ ಭಾಗಿಸಬೇಕಾಗಿದ್ದದ್ದು 3,00,000ದಿಂದ. ಆಗ ಶೇಕಡಾ 10, ಒಂದು ವಿಸಿಪಿಯುಗೆ ಬರೀ 2.5. ಚಿಂತೆ ಮಾಡುವ ಅಂಕಿಯೇ ಅಲ್ಲ ಅದು.

ಆ ವರದಿ ನಂಬಿ ಕಂಪನಿ ಹೊಸ ಹೋಸ್ಟ್ ತರಿಸಿತು. ವಿಎಂ ಅಲ್ಲಿಗೆ ಹೋಯಿತು, ಮುಂದಿನ ಸೋಮವಾರ ಅದೇ ಗೋಳು. ಧಾರವಾಡದ ಹಿರಿಯರೊಬ್ಬರು ನಮ್ಮ ಸ್ಟೋರೇಜ್ ನೋಡಿಕೊಳ್ಳುತ್ತಿದ್ದರು. ಚಾರ್ಟ್ ನೋಡಿದವರೇ, "ತಮ್ಮಾ, ಇದು ಎಷ್ಟ್ ಹೊತ್ತಿನ ಲೆಕ್ಕ ಅಂತ ನೋಡೀಯೇನು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಹೋಸ್ಟ್‌ನ ಅಂಕಿಗಳನ್ನು ತೋರಿಸುವ ಇಎಸ್‌ಎಕ್ಸ್‌ಟಾಪ್ ಟೂಲನ್ನು, ಅಂಕಿಗಳು ಫೈಲಿಗೆ ಬರೆದುಕೊಳ್ಳುವ ಬ್ಯಾಚ್ ಮೋಡ್‌ನಲ್ಲಿ 5 ಸೆಕೆಂಡಿಗೊಮ್ಮೆ ಓಡಿಸಿ, ಬಂದ ಸಿಎಸ್‌ವಿ ಫೈಲನ್ನು ವಿಂಡೋಸ್‌ನ ಚಾರ್ಟ್ ಟೂಲ್ ಪರ್ಫ್‌ಮಾನ್‌ನಲ್ಲಿ ತೆರೆದೆವು. ಸಿಪಿಯು ಆರಾಮಾಗಿತ್ತು. ಡಿಸ್ಕ್‌ನ ಡಿಎವಿಜಿ ಮಾತ್ರ 40 ಮಿಲಿಸೆಕೆಂಡ್ ದಾಟಿ ಕೂತಿತ್ತು, ಕೆಎವಿಜಿ 1ರ ಒಳಗೇ. ಡಿಎವಿಜಿ ಅಂದರೆ ಸ್ಟೋರೇಜ್ ಕಡೆಯಿಂದ ಉತ್ತರ ಬರಲು ಹಿಡಿದ ಹೊತ್ತು, ಕೆಎವಿಜಿ ಅಂದರೆ ಹೈಪರ್‌ವೈಸರ್ (ಹೋಸ್ಟ್‌ನಲ್ಲಿ ವಿಎಂಗಳನ್ನು ಓಡಿಸುವ ಸಾಫ್ಟ್‌ವೇರ್) ಒಳಗೆ ಕಳೆದ ಹೊತ್ತು. ಅಂದರೆ ಹೋಸ್ಟ್‌ನದ್ದೇನೂ ತಪ್ಪಿಲ್ಲ. ರಾತ್ರಿಯ ಬ್ಯಾಕಪ್ ತಡವಾಗಿ ಮುಗಿದು, ಅದರ ಸ್ನ್ಯಾಪ್‌ಶಾಟ್‌ಗಳನ್ನು (ಬ್ಯಾಕಪ್ ನಡೆಯುವಾಗ ಬದಲಾವಣೆಗಳನ್ನು ಬೇರೆಯಾಗಿ ಬರೆದಿಟ್ಟ ಫೈಲುಗಳು) ಮೂಲ ಡಿಸ್ಕ್‌ಗೆ ಸೇರಿಸುವ ಕೆಲಸ ಆಫೀಸು ಶುರುವಾದ ಮೇಲೂ ವಿಎಂ ಡಿಸ್ಕ್‌ಗಳಿರುವ ಅದೇ ಡೇಟಾಸ್ಟೋರ್ ಮೇಲೆ ನಡೆಯುತ್ತಿತ್ತು. ಬ್ಯಾಕಪ್ ಇನ್ನೂ ಮೊದಲೇ ಶುರುವಾಗುವಂತೆ ಮಾಡಿದೆವು, ಅಷ್ಟೇ. (ಆ ಸಿಎಸ್‌ವಿ ಫೈಲಿನಲ್ಲಿ ಸಮಯ ಯುಟಿಸಿಯಲ್ಲಿ ಇರುತ್ತದೆ. 4 ಗಂಟೆ ಅಂತ ಕಂಡರೆ ನಮ್ಮಲ್ಲಿ ಬೆಳಿಗ್ಗೆ ಒಂಬತ್ತೂವರೆ. ಇದನ್ನು ಮರೆತರೆ ಬೆಳಗಿನ ತೊಂದರೆಯನ್ನು ಮಧ್ಯಾಹ್ನದ ಸಾಲುಗಳಲ್ಲಿ ಹುಡುಕುತ್ತಾ ಕೂರುತ್ತೀರಿ.)

ಟ್ರೇಸ್ (ಹೀಗೆ ರೆಕಾರ್ಡ್ ಮಾಡಿದ ಅಂಕಿಗಳು) ಓದಲು ಒಳ್ಳೆಯ ಟೂಲ್ ಯಾವುದು ಅಂತಲೂ ಕೇಳಿದ್ದೀರಿ. ಸದ್ಯಕ್ಕೆ ಹೊಸ ಟೂಲ್ ಬೇಡ. ಯಾವ ಟೂಲ್ ಹಾಕಿದರೂ ಮಧ್ಯಂತರ ಎಷ್ಟು, ಅಂಕಿ ಇಡೀ ವಿಎಂದೋ ಒಂದು ವಿಸಿಪಿಯುದೋ ಅಂತ ನೀವೇ ತಿಳಿದಿರಬೇಕು. ಇಎಸ್‌ಎಕ್ಸ್‌ಟಾಪ್‌ನಲ್ಲೂ ವಿಎಂ ಸಾಲಿನ ರೆಡಿ ಎಲ್ಲ ವಿಸಿಪಿಯು ಸೇರಿದ್ದೇ. ತೊಂದರೆ ಆಗುತ್ತಿರುವ ಹೊತ್ತಿನಲ್ಲೇ ರೆಕಾರ್ಡ್ ಮಾಡಿ, ಡಿಎವಿಜಿ, ಕೆಎವಿಜಿ, ರೆಡಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ವಿಸಿಪಿಯುಗೆ ರೆಡಿ ನಿಜವಾಗಿಯೂ ಶೇಕಡಾ 10 ದಾಟಿದ್ದರೆ ಆಗ ಸಿಪಿಯು ಬಗ್ಗೆ ಮಾತಾಡೋಣ. ಆಗಲೂ ಮೊದಲು ವಿಸಿಪಿಯು ಇಳಿಸಿ ನೋಡಿ, ಏಕೆಂದರೆ ತುಂಬಿದ ಹೋಸ್ಟ್‌ನಲ್ಲಿ ವಿಸಿಪಿಯು ಹೆಚ್ಚಿದಷ್ಟೂ ಅವು ಒಂದಕ್ಕೊಂದು ಕಾಯುವ ಕೋ-ಸ್ಟಾಪ್ ಹೊತ್ತೂ ಹೆಚ್ಚುತ್ತದೆ.